ಉಲ್ಟಾ ಕೂತ ಭಾಗ ಒಮ್ಮೆ ಥಟ್ಟನೆ ಕಾಣುತ್ತದೆ, ಇನ್ನೊಮ್ಮೆ ಕಾಣುವುದೇ ಇಲ್ಲ. ಯಾಕೆ?

ಸೋಲ್ಡರ್‌ಕೈ:
ನಾನು ಎಲೆಕ್ಟ್ರಾನಿಕ್ ಬೋರ್ಡ್‌ಗಳನ್ನು ಕಣ್ಣಿನಿಂದ ನೋಡಿ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಹನ್ನೊಂದು ವರ್ಷ ಆಯಿತು. ದೀಪ ಇರುವ ಭೂತಗನ್ನಡಿಯ ಕೆಳಗೆ ಬೋರ್ಡ್ ಇಟ್ಟುಕೊಂಡು, ಯಾವ ಭಾಗ ತಪ್ಪಾಗಿ ಕೂತಿದೆ ಅಂತ ಹುಡುಕುವುದು. ಕಳೆದ ವಾರ ಆಗಿದ್ದು ತಲೆಯಿಂದ ಹೋಗುತ್ತಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಎರಡು ಬಗೆಯ ಬೋರ್ಡ್ ಬಂದಿದ್ದವು. ಎರಡರಲ್ಲೂ 24 ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ನೋಡದವರಿಗೆ ಹೇಳುವುದಾದರೆ, ಇದು ಒಂದು ಪುಟ್ಟ ಅಲ್ಯೂಮಿನಿಯಂ ಡಬ್ಬಿ. ಮೇಲಿನಿಂದ ನೋಡಿದರೆ ಬೆಳ್ಳಿ ಬಣ್ಣದ ವೃತ್ತ, ಅದರ ಒಂದು ಅಂಚಿನಲ್ಲಿ ಕಪ್ಪು ತುಂಡು, ಅರ್ಧಚಂದ್ರಕ್ಕಿಂತ ಸಣ್ಣದು. ಆ ಕಪ್ಪು ಇರುವ ಕಡೆ ಮೈನಸ್. ಉಲ್ಟಾ ಹಾಕಿದರೆ ಕರೆಂಟ್ ಕೊಟ್ಟಾಗ ಬಿಸಿಯಾಗಿ ಉಬ್ಬುತ್ತದೆ.

ಮೊದಲ ಬೋರ್ಡ್‌ನಲ್ಲಿ 24ಕ್ಕೂ ಕಪ್ಪು ತುಂಡು ಎಡಗಡೆಗೇ ಇರಬೇಕು. ಒಂದರಲ್ಲಿ ಬಲಗಡೆ ಇತ್ತು. ಬೋರ್ಡ್ ಕೈಗೆ ತೆಗೆದುಕೊಂಡ ಕೂಡಲೇ ಕಂಡಿತು. ಎರಡನೇ ಬೋರ್ಡ್ ವಿನ್ಯಾಸ ಮಾಡಿದವರು ಜಾಗ ಉಳಿಸಲು ಕೆಲವನ್ನು ಎಡಕ್ಕೆ, ಕೆಲವನ್ನು ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಅಂತ ನಾಲ್ಕೂ ದಿಕ್ಕಿಗೆ ಕೂರಿಸಿದ್ದಾರೆ. ಅದರಲ್ಲೂ ಒಂದು ಉಲ್ಟಾ ಇತ್ತು. ನಾನು ಎರಡು ಸಲ ನೋಡಿದೆ, ಎರಡು ಸಲವೂ ಸರಿ ಇದೆ ಅಂತ ಸಹಿ ಹಾಕಿದೆ. ಕರೆಂಟ್ ಕೊಟ್ಟ ಮೇಲೆ ಅದರ ತಲೆ ಬಿರಿದು ಹೊಗೆ ಬಂತು.

ಅದೇ ಭಾಗ, ಅದೇ ತಪ್ಪು, ಅದೇ ಕಣ್ಣು. ಆಸೆಯಿಂದ ಕೆಲಸ ಮಾಡುವವನು ನಾನು, ನಿರ್ಲಕ್ಷ್ಯ ಮಾಡಿಲ್ಲ. ಇನ್ನೊಂದು ವಿಚಿತ್ರ ಇದೆ. ಬೆಸುಗೆ ಕರಗುವಾಗ ಅಕ್ಕಿಕಾಳಿಗಿಂತ ಸಣ್ಣ ರೆಸಿಸ್ಟರ್ ಒಂದು ಚೂರು ವಾರೆ ಆಗಿದ್ದರೂ ನನಗೆ ಯಾವತ್ತೂ ತಪ್ಪುವುದಿಲ್ಲ. ಅಷ್ಟು ಸಣ್ಣದು ಕಾಣುತ್ತದೆ, ಇಷ್ಟು ದೊಡ್ಡ ಡಬ್ಬಿ ಕಾಣುವುದಿಲ್ಲ. ಯಾರಿಗಾದರೂ ಗೊತ್ತಾ?

ಕಣ್ಣೋದು:
ಸರ್, ನಾನು ದೃಷ್ಟಿ ಮತ್ತು ಗಮನದ ಬಗ್ಗೆ ಓದುತ್ತಿರುವವಳು. ನಿಮ್ಮ ಪ್ರಶ್ನೆಯಲ್ಲೇ ಎರಡು ಬೇರೆ ಬೇರೆ ವಿಷಯ ಸೇರಿಕೊಂಡಿವೆ, ಅವನ್ನು ಬಿಡಿಸಿ ಹೇಳುತ್ತೇನೆ.

ಮೊದಲು ವಾರೆಯಾದ ರೆಸಿಸ್ಟರ್. ಒಂದು ಗೆರೆ ಯಾವ ಕಡೆ ವಾಲಿದೆ ಅನ್ನುವುದನ್ನು ಮಿದುಳು ಶುರುವಿನಲ್ಲೇ, ನಾವು ಹುಡುಕಲು ಹೊರಡುವ ಮುಂಚೆಯೇ ಲೆಕ್ಕ ಹಾಕಿ ಇಟ್ಟಿರುತ್ತದೆ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ 1959ರಲ್ಲಿ ಬೆಕ್ಕಿನ ಮಿದುಳಿನಲ್ಲಿ ಇದನ್ನು ತೋರಿಸಿದರು. ಕೆಲವು ಜೀವಕೋಶಗಳು ನೆಟ್ಟಗಿನ ಗೆರೆಗೆ ಮಾತ್ರ ಜೋರಾಗಿ ಸ್ಪಂದಿಸುತ್ತವೆ, ಕೆಲವು ಓರೆ ಗೆರೆಗೆ, ಕೆಲವು ಅಡ್ಡ ಗೆರೆಗೆ. ಅವರಿಗೆ 1981ರಲ್ಲಿ ನೊಬೆಲ್ ಬಂತು.

ಆನ್ ಟ್ರೀಸ್‌ಮನ್ ಮತ್ತು ಸ್ಟೀಫನ್ ಗಾರ್ಮಿಕನ್ 1988ರಲ್ಲಿ ಪ್ರಕಟಿಸಿದ ಕೆಲಸ ನಿಮ್ಮ ರೆಸಿಸ್ಟರ್‌ಗೆ ಹೇಳಿ ಮಾಡಿಸಿದ ಹಾಗಿದೆ. ನೆಟ್ಟಗಿನ ಗೆರೆಗಳ ನಡುವೆ ಒಂದು ಓರೆ ಗೆರೆ ಇದ್ದರೆ ಬೇಗ ಸಿಗುತ್ತದೆ. ಓರೆ ಗೆರೆಗಳ ನಡುವೆ ಒಂದು ನೆಟ್ಟಗಿನ ಗೆರೆ ಇದ್ದರೆ ನಿಧಾನ. ವ್ಯತ್ಯಾಸದ ಕೋನ ಎರಡರಲ್ಲೂ ಅಷ್ಟೇ, ಆದರೂ ಹುಡುಕುವ ಕಷ್ಟ ಒಂದೇ ಅಲ್ಲ. ಬೋರ್ಡ್‌ನಲ್ಲಿ ಎಲ್ಲವೂ ನೆಟ್ಟಗೆ ಅಥವಾ ಅಡ್ಡಡ್ಡ ಇರುತ್ತವೆ ಅಲ್ವಾ, ಅಲ್ಲಿ ವಾಲಿದ್ದು ತಾನಾಗಿಯೇ ಕಣ್ಣಿಗೆ ರಾಚುತ್ತದೆ. ಸಾಮಾನ್ಯವಾಗಿ ಸುಮಾರು 15 ಡಿಗ್ರಿ ವ್ಯತ್ಯಾಸ ಇದ್ದರೆ ಸುತ್ತ ಎಷ್ಟು ವಸ್ತುಗಳಿದ್ದರೂ ಹುಡುಕುವ ಸಮಯ ಹೆಚ್ಚು ಏರುವುದಿಲ್ಲ.

ಈಗ ಡಬ್ಬಿ. ಅದು ಉಲ್ಟಾ ಆದಾಗ ವಾಲುವುದಿಲ್ಲ. ಪೂರ್ತಿ 180 ಡಿಗ್ರಿ ತಿರುಗುತ್ತದೆ. ಕಪ್ಪು ತುಂಡಿನ ಅಂಚು ಮೊದಲೂ ನೆಟ್ಟಗಿತ್ತು, ಈಗಲೂ ನೆಟ್ಟಗಿದೆ. ಗೆರೆಯ ವಾಲನ್ನು ನೋಡುವ ಕೋಶಗಳ ಮಟ್ಟಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಬದಲಾಗಿರುವುದು ಕಪ್ಪು ಯಾವ ಪಕ್ಕದಲ್ಲಿದೆ ಅನ್ನುವುದು ಮಾತ್ರ. ಒಂದು ಭಾಗ ಇನ್ನೊಂದು ಭಾಗದ ಯಾವ ಕಡೆ ಇದೆ ಅಂತ ತಿಳಿಯಲು ಸಾಮಾನ್ಯವಾಗಿ ಒಂದೊಂದರ ಮೇಲೂ ಗಮನ ಇಡಬೇಕಾಗುತ್ತದೆ.

ನಿಧಾನವಾಗಿ:
ಇಷ್ಟೆಲ್ಲ ಬೇಕಾ? ಎರಡನೇ ಬೋರ್ಡ್ ಗಿಜಿಗಿಜಿ ಇದೆ, ಅದಕ್ಕೇ ಕಾಣಲಿಲ್ಲ. ಒಂದು ತಿಂಗಳು ಅದೇ ಬೋರ್ಡ್ ನೋಡಿದರೆ ಅಭ್ಯಾಸ ಆಗುತ್ತದೆ. ನಾನೂ ಗೋದಾಮಿನಲ್ಲಿ ಆರು ವರ್ಷ ಇದ್ದವನು. ಮೊದಲ ವಾರ ಪೆಟ್ಟಿಗೆ ಸಿಗುತ್ತಿರಲಿಲ್ಲ, ಆಮೇಲೆ ಕಣ್ಣು ಮುಚ್ಚಿ ಎತ್ತುತ್ತಿದ್ದೆ.

ಕಣ್ಣೋದು:
ಅಭ್ಯಾಸದ ಮಾತು ಅರ್ಧ ನಿಜ. ಪಿಯರ್ ಜೋಲಿಕೋರ್ 1985ರಲ್ಲಿ ಪ್ರಾಣಿ, ಪೀಠೋಪಕರಣ ಇಂಥ ಚಿತ್ರಗಳನ್ನು ಬೇರೆ ಬೇರೆ ಕೋನಕ್ಕೆ ತಿರುಗಿಸಿ ಜನರಿಗೆ ತೋರಿಸಿದರು. ನೆಟ್ಟಗಿನ ಸ್ಥಿತಿಯಿಂದ ದೂರ ಹೋದಷ್ಟೂ ಹೆಸರು ಹೇಳಲು ಸಮಯ ಜಾಸ್ತಿ ಬೇಕಾಯಿತು. ಅದೇ ಚಿತ್ರಗಳನ್ನು ಮತ್ತೆ ಮತ್ತೆ ತೋರಿಸಿದಾಗ ಆ ವ್ಯತ್ಯಾಸ ಇಳಿಯಿತು. ಅಂದರೆ ನಿಮ್ಮ ಮಾತಿಗೆ ಆಧಾರ ಇದೆ. ಆದರೆ ಆ ಲಾಭ ಪಳಗಿದ ಚಿತ್ರಗಳಿಗೆ ಮಾತ್ರ. ಹೊಸ ಚಿತ್ರ ಕೊಟ್ಟರೆ ಮತ್ತೆ ನಿಧಾನ. ಹೊಸ ಬೋರ್ಡ್ ಬಂದಾಗಲೆಲ್ಲ ಇವರು ಮೊದಲಿಂದ ಶುರು ಮಾಡಬೇಕಾಗುತ್ತದೆ.

ಇನ್ನು ಗಿಜಿಗಿಜಿ. ಎರಡೂ ಬೋರ್ಡ್‌ನಲ್ಲಿ 24 ಡಬ್ಬಿ ಅಂತ ಅವರೇ ಹೇಳಿದ್ದಾರೆ. ಎಣಿಕೆ ಸಮ. ಬೇರೆ ಇರುವುದು ಆ ಡಬ್ಬಿಗಳು ತಮ್ಮ ತಮ್ಮಲ್ಲಿ ಎಷ್ಟು ಹೋಲುತ್ತವೆ ಅನ್ನುವುದು. ಜಾನ್ ಡಂಕನ್ ಮತ್ತು ಗ್ಲಿನ್ ಹಂಫ್ರೀಸ್ 1989ರಲ್ಲಿ ಇದನ್ನು ಚೆನ್ನಾಗಿ ವಿವರಿಸಿದರು. ಹುಡುಕುವ ವಸ್ತು ಸುತ್ತಲಿನದನ್ನು ಹೋಲುತ್ತಾ ಹೋದಷ್ಟೂ ಕಷ್ಟ, ಇದು ಎಲ್ಲರಿಗೂ ಗೊತ್ತು. ಅದರ ಜೊತೆಗೆ, ಸುತ್ತಲಿನ ವಸ್ತುಗಳು ತಮ್ಮೊಳಗೇ ಬೇರೆ ಬೇರೆಯಾಗಿದ್ದಷ್ಟೂ ಕಷ್ಟ. ಎಲ್ಲವೂ ಒಂದೇ ಕಡೆ ಮುಖ ಮಾಡಿದ್ದರೆ ಮಿದುಳು ಅವನ್ನೆಲ್ಲ ಒಟ್ಟು ಸೇರಿಸಿ ಒಂದೇ ಸಲ ಪಕ್ಕಕ್ಕೆ ತಳ್ಳುತ್ತದೆ, ಉಳಿದದ್ದು ಕಾಣುತ್ತದೆ. ನಾಲ್ಕು ದಿಕ್ಕಿಗೆ ಚದುರಿದ್ದರೆ ಹಾಗೆ ತಳ್ಳಲು ಆಗುವುದಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಇದೆ. ಎರಡನೇ ಬೋರ್ಡ್‌ನಲ್ಲಿ ಉಲ್ಟಾ ಕೂತ ಡಬ್ಬಿಯ ಹಾಗೇ ಕಾಣುವ ಸರಿಯಾದ ಡಬ್ಬಿಗಳೂ ಇವೆ. ಬಲಕ್ಕೆ ಮುಖ ಮಾಡಿದ್ದು ಒಂದು ಜಾಗದಲ್ಲಿ ತಪ್ಪು, ಇನ್ನೊಂದು ಜಾಗದಲ್ಲಿ ಸರಿ. ಹಾಗಾಗಿ ಸುಮ್ನೆ ನೋಡಿ ಹುಡುಕುವ ಹಾಗೇ ಇಲ್ಲ. ಯಾವ ಭಾಗ ಯಾವ ಕಡೆಗೆ ಕೂರಬೇಕು ಅಂತ ತೋರಿಸುವ ನಕ್ಷೆಗೆ ಒಂದೊಂದನ್ನೂ ಹೋಲಿಸಲೇಬೇಕು.

ಸೋಲ್ಡರ್‌ಕೈ:
ಮೇಡಂ, ಈ ಕೊನೇ ಮಾತು ಓದಿ ಸುಮಾರು ಹೊತ್ತು ಸುಮ್ಮನೆ ಕೂತೆ. ನಾನು ಹನ್ನೊಂದು ವರ್ಷದಿಂದ ಎರಡೂ ಕೆಲಸಕ್ಕೆ ಹುಡುಕುವುದು ಅಂತಲೇ ಹೆಸರಿಟ್ಟಿದ್ದೆ. ಮೊದಲ ಬೋರ್ಡ್‌ನಲ್ಲಿ ಮಾಡಿದ್ದು ಹುಡುಕುವುದು. ಎರಡನೆಯದರಲ್ಲಿ ಮಾಡಬೇಕಿದ್ದದ್ದು ಹೋಲಿಸುವುದು. ಎರಡಕ್ಕೂ ಒಂದೇ ವೇಗದಲ್ಲಿ ಕಣ್ಣು ಓಡಿಸುತ್ತಿದ್ದೆ.

ಒಂದು ಡಬ್ಬಿಗೆ ಎಷ್ಟು ಸಮಯ ಬೇಕಾಗುತ್ತದೆ ಅಂತ ಲೆಕ್ಕ ಇದೆಯಾ?

ಕಣ್ಣೋದು:
ಪ್ರಯೋಗಾಲಯದ ಲೆಕ್ಕ ಇದೆ. ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ ಇಂಗ್ಲಿಷ್ ಎಲ್ ಅಕ್ಷರಗಳ ನಡುವೆ ಒಂದು ಟಿ ಹುಡುಕುವ ಕೆಲಸ ತುಂಬಾ ಹಳೆಯದು. ಎರಡರಲ್ಲೂ ಅವೇ ಎರಡು ಗೆರೆ, ಸೇರುವ ಜಾಗ ಮಾತ್ರ ಬೇರೆ. ಟಿ ಇದ್ದಾಗ ಒಂದೊಂದು ಅಕ್ಷರ ಜಾಸ್ತಿಯಾದ ಹಾಗೆ ಸುಮಾರು 20ರಿಂದ 30 ಮಿಲಿಸೆಕೆಂಡ್ ಸಮಯ ಏರುತ್ತದೆ. ಟಿ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಅದರ ಎರಡರಷ್ಟು. ನಿಮ್ಮ ಕೆಲಸ ಬಹುಪಾಲು ಎರಡನೇ ಬಗೆಯದು, ತಪ್ಪು ಇಲ್ಲ ಅಂತ ಖಾತ್ರಿ ಮಾಡುವುದು.

ಆದರೆ ಅದು ದೊಡ್ಡ ಅಕ್ಷರ, ಖಾಲಿ ಹಿನ್ನೆಲೆ. ಬೋರ್ಡ್‌ನಲ್ಲಿ ಒಂದೊಂದಕ್ಕೂ ಕಣ್ಣು ನೆಟ್ಟು ನೋಡಬೇಕು, ಕಣ್ಣು ಒಂದು ಸೆಕೆಂಡಿಗೆ ಮೂರು ನಾಲ್ಕು ಕಡೆ ಮಾತ್ರ ನಿಲ್ಲಬಲ್ಲದು. ನಕ್ಷೆಗೂ ಬೋರ್ಡ್‌ಗೂ ಕಣ್ಣು ಆಡಿಸಬೇಕಾದರೆ ಇನ್ನೂ ನಿಧಾನ. ನಕ್ಷೆ ಯಾವ ಕಡೆ ಮುಖ ಮಾಡಿ ಇಟ್ಟಿರುತ್ತೀರಿ?

ಸೋಲ್ಡರ್‌ಕೈ:
ಗೋಡೆಗೆ ಅಂಟಿಸಿದೆ. ಬೋರ್ಡ್ ಕೈಯಲ್ಲಿ ಹೇಗೆ ಬರುತ್ತದೋ ಹಾಗೆ.

ಕಣ್ಣೋದು:
ಅದನ್ನು ಇವತ್ತೇ ಬದಲಾಯಿಸಿ ಸರ್. ರೋಜರ್ ಶೆಪರ್ಡ್ ಮತ್ತು ಜಾಕ್ವೆಲಿನ್ ಮೆಟ್ಸ್ಲರ್ 1971ರಲ್ಲಿ ಮಾಡಿದ ಪ್ರಯೋಗದಲ್ಲಿ ಎರಡು ಆಕೃತಿಗಳನ್ನು ತೋರಿಸಿ ಅವು ಒಂದೇನಾ ಬೇರೆನಾ ಅಂತ ಕೇಳಿದರು. ಎರಡರ ನಡುವಿನ ತಿರುವು ಜಾಸ್ತಿಯಾದಷ್ಟೂ ಉತ್ತರ ಹೇಳುವ ಸಮಯ ಒಂದೇ ಸಮನೆ ಏರುತ್ತಾ ಹೋಯಿತು. ಮನಸ್ಸಿನಲ್ಲೇ ಆಕೃತಿಯನ್ನು ತಿರುಗಿಸಿ ನೋಡುವ ವೇಗ ಸೆಕೆಂಡಿಗೆ ಸುಮಾರು 60 ಡಿಗ್ರಿ ಬಂತು. ಬೋರ್ಡ್ ತಲೆಕೆಳಗಾಗಿ, ನಕ್ಷೆ ನೆಟ್ಟಗೆ ಇದ್ದರೆ ನೀವು ಪ್ರತಿ ಡಬ್ಬಿಗೂ ಆ ತಿರುಗಿಸುವ ಕೆಲಸ ಮಾಡುತ್ತಿದ್ದೀರಿ. ಅದೂ ಎಡ ಬಲ ಗೊತ್ತುಮಾಡುವ ಕೆಲಸದಲ್ಲಿ. ದಣಿವಾದಾಗ ಮನಸ್ಸು ಮೊದಲು ಬಿಟ್ಟುಬಿಡುವುದು ಅದನ್ನೇ.

ಮೊಳೆಮನೆ:
ಇದನ್ನು ಓದುತ್ತಾ ನನ್ನ ತಂದೆ ನೆನಪಾದರು. ಅವರು ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. ಸೀಸದ ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಇರುತ್ತದೆ, ಜೋಡಿಸಿದ ಸಾಲನ್ನು ತಲೆಕೆಳಗಾಗಿ ಹಿಡಿದು ಓದುತ್ತಾರೆ. ನಾನು ಚಿಕ್ಕವನಿದ್ದಾಗ ಅವರು ಒಂದು ಸಾಲನ್ನು ಬೆರಳಿನಿಂದ ಸವರುತ್ತಾ, "ಇಲ್ಲಿ ಒಂದು 'ನ' ತಿರುಗಿದೆ ನೋಡು" ಅಂತ ತೋರಿಸುತ್ತಿದ್ದರು. ನನಗೆ ಇಡೀ ಸಾಲೇ ತಿರುಗಿದ ಹಾಗೆ ಕಾಣುತ್ತಿತ್ತು. ಯಾವುದನ್ನು ಅಂತ ಹುಡುಕುವುದು!

ಆಮೇಲೆ ನಾನು ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಅಚ್ಚಾದ ಪುಟದಲ್ಲಿ ಒಂದು ಅಕ್ಷರ ತಲೆಕೆಳಗಾಗಿದ್ದರೆ ಓದುವ ಮುಂಚೆಯೇ ಕಣ್ಣು ಅಲ್ಲಿಗೆ ಹೋಗುತ್ತದೆ. ಅದೇ ಒಂದು ಸರಿಯಾದ ಅಕ್ಷರದ ಬದಲು ಇನ್ನೊಂದು ಸರಿಯಾದ ಅಕ್ಷರ ಬಿದ್ದಿದ್ದರೆ ಮೂರು ಸಲ ಓದಿದರೂ ತಪ್ಪಿಹೋಗುತ್ತದೆ. ಎರಡೂ ನೋಡಿ ಪಳಗಿದ ಆಕಾರ ತಾನೇ, ಅದಕ್ಕಿರಬೇಕು ಅಂತ ನನ್ನ ಊಹೆ.

ಕಣ್ಣೋದು:
ಊಹೆ ಅಲ್ಲ ಸರ್, ಇದರ ಮೇಲೆ ಒಳ್ಳೆ ಕೆಲಸ ಆಗಿದೆ. ವಾಂಗ್, ಕ್ಯಾವನಾ ಮತ್ತು ಗ್ರೀನ್ 1994ರಲ್ಲಿ ತೋರಿಸಿದ್ದು ಇದನ್ನೇ. ಸರಿಯಾದ ಅಕ್ಷರಗಳ ನಡುವೆ ಒಂದು ತಿರುಗಿದ ಅಕ್ಷರ ಹುಡುಕುವುದು ಸುಲಭ. ತಿರುಗಿದವುಗಳ ನಡುವೆ ಒಂದು ಸರಿಯಾದದ್ದನ್ನು ಹುಡುಕುವುದು ಕಷ್ಟ. ಸುತ್ತಲಿನವು ಪಳಗಿದ ಆಕಾರ ಆಗಿದ್ದರೆ ಅವನ್ನು ದಾಟಿಹೋಗುವುದು ಬೇಗ.

ನನಗೆ ತುಂಬಾ ಇಷ್ಟವಾದದ್ದು 2001ರಲ್ಲಿ ಮಾಲಿನೋವ್ಸ್ಕಿ ಮತ್ತು ಹ್ಯೂಬ್ನರ್ ಪ್ರಕಟಿಸಿದ್ದು. ಇಂಗ್ಲಿಷ್ ಎನ್ ಅಕ್ಷರವನ್ನು ಕನ್ನಡಿಯಲ್ಲಿ ನೋಡಿದರೆ ಹೇಗೆ ಕಾಣುತ್ತದೋ, ರಷ್ಯನ್ ಲಿಪಿಯಲ್ಲಿ ಅದೇ ಆಕಾರದ ಅಕ್ಷರ ಒಂದಿದೆ. ಜರ್ಮನ್ ಮಾತ್ರ ಓದುವವರಿಗೆ ಅದು ತಿರುಗಿದ ಎನ್. ಎರಡೂ ಲಿಪಿ ಓದುವ ಸ್ಲಾವಿಕ್ ಭಾಷೆಯವರಿಗೆ ಅದೂ ಒಂದು ಸರಿಯಾದ ಅಕ್ಷರ. ಜರ್ಮನ್ನರಿಗೆ ಒಂದು ಕಡೆಯಿಂದ ಹುಡುಕಾಟ ಸುಲಭ, ಇನ್ನೊಂದು ಕಡೆಯಿಂದ ಕಷ್ಟ ಆಯಿತು. ಎರಡೂ ಓದುವವರಿಗೆ ಆ ಏರುಪೇರು ಇರಲಿಲ್ಲ. ಪರದೆ ಮೇಲಿನ ಗೆರೆಗಳು ಇಬ್ಬರಿಗೂ ಅವೇ. ಏನು ಓದಿ ಬೆಳೆದಿದ್ದೇವೆ ಅನ್ನುವುದು ಹುಡುಕಾಟದ ವೇಗಕ್ಕೇ ಕೈ ಹಾಕುತ್ತದೆ ಅಂದರೆ ನನಗೆ ಇವತ್ತಿಗೂ ಆಶ್ಚರ್ಯ.

ಎಕ್ಸ್‌ರೇ ಕುರ್ಚಿ:
ನಾನು ಬ್ಯಾಗ್‌ಗಳ ಎಕ್ಸ್‌ರೇ ನೋಡುವ ಕೆಲಸ ಮಾಡಿದವಳು. ಇಲ್ಲಿಯವರೆಗೆ ಎಲ್ಲರೂ ಹಾಳೆಯ ಮೇಲೆ ತಿರುಗುವುದರ ಬಗ್ಗೆ ಹೇಳಿದಿರಿ. ನಮ್ಮಲ್ಲಿ ವಸ್ತು ಆಳಕ್ಕೂ ತಿರುಗುತ್ತದೆ, ಅದು ಬೇರೆಯೇ ಕಷ್ಟ.

ಒಂದು ಚಾಕು ಅಗಲವಾಗಿ ಮಲಗಿದ್ದರೆ ಮಗು ಕೂಡ ಗುರುತಿಸುತ್ತದೆ. ಅದೇ ಚಾಕು ಅಲಗಿನ ಅಂಚು ನಮ್ಮ ಕಡೆ ಮಾಡಿ ನಿಂತಿದ್ದರೆ ತೆರೆಯ ಮೇಲೆ ಒಂದು ಗೆರೆ ಅಷ್ಟೇ. ಬ್ಯಾಗಿನ ಕಂಬಿಯೂ ಗೆರೆ, ಛತ್ರಿಯ ಕಡ್ಡಿಯೂ ಗೆರೆ. ತುದಿಯಿಂದ ನೋಡಿದರೆ ಪೆನ್ನು ಒಂದು ಚುಕ್ಕಿ. ಇಲ್ಲಿ ಮನಸ್ಸಿನಲ್ಲಿ ಎಷ್ಟು ತಿರುಗಿಸಿದರೂ ಉಪಯೋಗ ಇಲ್ಲ, ಗುರುತಿಸಲು ಬೇಕಾದ ಆಕಾರವೇ ಚಿತ್ರದಲ್ಲಿ ಇರುವುದಿಲ್ಲ. ಅದಕ್ಕೇ ಈಗಿನ ಯಂತ್ರಗಳಲ್ಲಿ ಎರಡು ಕೋನದ ಚಿತ್ರ ಬರುತ್ತದೆ. ಸಿ.ಟಿ. ಯಂತ್ರ ಆದರೆ ಬ್ಯಾಗನ್ನು ತೆರೆಯ ಮೇಲೇ ಬೇಕಾದ ಕಡೆಗೆ ತಿರುಗಿಸಿ ನೋಡಬಹುದು. ಮೊದಲ ಸಲ ಹಾಗೆ ತಿರುಗಿಸಿದ ದಿನ, ಒಂದು ತೆಳ್ಳಗಿನ ಗೆರೆ ನಿಧಾನಕ್ಕೆ ಅಗಲವಾಗುತ್ತಾ ಕತ್ತರಿ ಆಗಿದ್ದನ್ನು ನೋಡಿದೆ. ಅಲ್ಲಿಯವರೆಗೆ ಅದು ಬ್ಯಾಗಿನ ಜಿಪ್ ಅಂತಲೇ ಅಂದುಕೊಂಡಿದ್ದೆ.

ನಮಗೆ ತರಬೇತಿಯಲ್ಲಿ ಪ್ರತಿ ವಸ್ತುವಿನ ಹಲವು ಕೋನದ ಚಿತ್ರ ತೋರಿಸುತ್ತಿದ್ದರು. ಚಾಕು ಅಂದಾಗ ಮನಸ್ಸಿಗೆ ಬರುವುದು ಒಂದೇ ಚಿತ್ರ, ಅಗಲವಾಗಿ ಮಲಗಿದ್ದು. ಆ ಒಂದು ಚಿತ್ರ ಇಟ್ಟುಕೊಂಡು ಹುಡುಕಿದರೆ ಉಳಿದ ಕೋನದವು ಕಣ್ಣ ಮುಂದೆಯೇ ಜಾರಿಹೋಗುತ್ತವೆ.

ನಿಧಾನವಾಗಿ:
ಇದು ಒಪ್ಪುವ ಮಾತು. ಗೋದಾಮಿನಲ್ಲೂ ಹಾಗೇ. ಪೆಟ್ಟಿಗೆಯ ಚೀಟಿ ಗೋಡೆ ಕಡೆ ತಿರುಗಿದ್ದರೆ ಎದುರಿಗೇ ಇದ್ದರೂ ಇಲ್ಲ ಅಂತ ಬರೆದು ಬರುತ್ತಿದ್ದೆವು. ಆದರೆ ಒಂದು ಕೇಳುತ್ತೇನೆ. ಸೋಲ್ಡರ್‌ಕೈ ಅವರ ಬೋರ್ಡ್‌ನಲ್ಲಿ ಉಲ್ಟಾ ಭಾಗ ದಿನಾ ಬರುತ್ತದಾ? ಅಪರೂಪಕ್ಕೆ ಬರುವುದಾದರೆ ಮನಸ್ಸು ಇಲ್ಲ ಅಂತ ಮೊದಲೇ ತೀರ್ಮಾನ ಮಾಡಿರುತ್ತದೆ. ದಿಕ್ಕಿಗಿಂತ ಅದೇ ಕಾರಣ ಇರಬಹುದು.

ಎಕ್ಸ್‌ರೇ ಕುರ್ಚಿ:
ಇದೂ ಸರಿ. ಜೆರೆಮಿ ವೋಲ್ಫ್, ಹೊರೊವಿಟ್ಸ್, ಕೆನ್ನರ್ 2005ರಲ್ಲಿ ಇದನ್ನು ಅಳೆದು ತೋರಿಸಿದರು. ಅರ್ಧದಷ್ಟು ಸಲ ವಸ್ತು ಇದ್ದಾಗ ಜನ ಸುಮಾರು 7 ಶೇಕಡಾ ತಪ್ಪಿಸಿಕೊಂಡರು. ನೂರಕ್ಕೆ ಒಂದು ಸಲ ಮಾತ್ರ ಇದ್ದಾಗ ಸುಮಾರು 30 ಶೇಕಡಾ. ಅದಕ್ಕೇ ನಮ್ಮ ತೆರೆಯ ಮೇಲೆ ಯಂತ್ರವೇ ಆಗಾಗ ಸುಳ್ಳು ಚಾಕು, ಸುಳ್ಳು ಪಿಸ್ತೂಲಿನ ಚಿತ್ರ ಸೇರಿಸುತ್ತದೆ. ಗುಂಡಿ ಒತ್ತಿದ ಮೇಲೆ ಇದು ಪರೀಕ್ಷೆ ಅಂತ ಹೇಳುತ್ತದೆ. ಆದರೆ ಇವರಿಗೆ ಮೊದಲ ಬೋರ್ಡ್‌ನಲ್ಲೂ ತಪ್ಪು ಅಪರೂಪವೇ ಅಲ್ವಾ, ಅಲ್ಲಿ ಕಂಡಿತು. ಹಾಗಾಗಿ ದಿಕ್ಕಿನ ಪಾತ್ರ ಇದ್ದೇ ಇದೆ.

ಚುಕ್ಕಿಚಿತ್ರ:
ಒಂದು ಸಲಹೆ. ಮೇಲೆ ಬೆಳಕು ಕೆಳಗೆ ನೆರಳು ಇರುವ ವೃತ್ತ ಉಬ್ಬಿದ ಹಾಗೆ, ಉಲ್ಟಾ ಮಾಡಿದರೆ ತಗ್ಗಿನ ಹಾಗೆ ಕಾಣುತ್ತದೆ. ಬೆಳಕು ಮೇಲಿನಿಂದ ಬರುತ್ತದೆ ಅಂತ ಮಿದುಳು ನಂಬಿರುತ್ತದೆ. ಕ್ಲೆಫ್ನರ್ ಮತ್ತು ವಿ. ಎಸ್. ರಾಮಚಂದ್ರನ್ 1992ರಲ್ಲಿ ತೋರಿಸಿದ ಹಾಗೆ ಇಂಥವು ಗುಂಪಿನಲ್ಲಿ ಥಟ್ಟನೆ ಕಾಣುತ್ತವೆ, ನೆರಳು ಎಡ ಬಲಕ್ಕೆ ಇದ್ದರೆ ಅಷ್ಟು ಕಾಣುವುದಿಲ್ಲ. ಹಾಗಾದರೆ ಬೋರ್ಡನ್ನು ಕಾಲು ಸುತ್ತು ತಿರುಗಿಸಿ, ಕಪ್ಪು ತುಂಡು ಮೇಲೆ ಕೆಳಗೆ ಬರುವಂತೆ ಹಿಡಿದರೆ?

ಕಣ್ಣೋದು:
ಒಳ್ಳೆ ಯೋಚನೆ, ಆದರೆ ಇಲ್ಲಿ ಕೆಲಸ ಮಾಡುವುದು ಅನುಮಾನ. ಆ ವೃತ್ತಗಳಲ್ಲಿ ಬೆಳಕು ಮೆಲ್ಲಗೆ ನೆರಳಿಗೆ ತಿರುಗುತ್ತದೆ, ಅದಕ್ಕೇ ಉಬ್ಬು ತಗ್ಗು ಅನ್ನಿಸುವುದು. ಕಪ್ಪು ಬಿಳುಪು ಚೂಪಾಗಿ ಕತ್ತರಿಸಿದ ಹಾಗೆ ಇದ್ದರೆ ಉಬ್ಬು ಅನ್ನಿಸುವುದಿಲ್ಲ, ಆ ಲಾಭವೂ ಸಿಗುವುದಿಲ್ಲ. ಡಬ್ಬಿಯ ಮೇಲಿನ ಕಪ್ಪು ಚೂಪು ಅಂಚಿನದ್ದು.

ಮರದ ತೊಗಟೆ:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಇದನ್ನೇ ಬದುಕಲು ಬಳಸುವ ಪತಂಗಗಳಿವೆ. ತೊಗಟೆಯ ಮೇಲೆ ಕೂತ ಮೇಲೆ ಸ್ವಲ್ಪ ಸ್ವಲ್ಪ ತಿರುಗಿ, ರೆಕ್ಕೆಯ ಗೆರೆಗಳು ತೊಗಟೆಯ ಸೀಳುಗಳ ಜೊತೆ ಸೇರುವ ಹಾಗೆ ಮೈ ಸರಿಪಡಿಸಿಕೊಳ್ಳುತ್ತವೆ. ಬಣ್ಣ ಒಂದೇ ಇದ್ದರೂ ಮೈ ಅಡ್ಡ ಇದ್ದರೆ ಸುಲಭಕ್ಕೆ ಸಿಕ್ಕಿಬೀಳುತ್ತವೆ. ನಾನು ಫೋಟೋ ತೆಗೆಯುವವನು. ಒಮ್ಮೆ ಪತಂಗ ಹಾರಿ ಬಂದು ಕೂತಿದ್ದನ್ನು ಕಣ್ಣಾರೆ ನೋಡಿದೆ. ಅದು ಎರಡು ಸಲ ಮೈ ತಿರುಗಿಸಿತು, ಅಷ್ಟರಲ್ಲಿ ಕ್ಯಾಮೆರಾದಿಂದ ಕಣ್ಣು ತೆಗೆದೆ. ಮತ್ತೆ ನೋಡಿದರೆ ಬರೀ ತೊಗಟೆ. ಎಲ್ಲಿ ಕೂತಿದೆ ಅಂತ ಗೊತ್ತಿದ್ದೂ ಸಿಗಲಿಲ್ಲ.

ಸೋಲ್ಡರ್‌ಕೈ:
ಎಲ್ಲರಿಗೂ ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಏನೇನು ಮಾಡಿದೆ ಅಂತ ಹೇಳಲೇಬೇಕು.

ಮೊದಲು ನಕ್ಷೆಯನ್ನು ಗೋಡೆಯಿಂದ ಕಿತ್ತು ಮೇಜಿನ ಮೇಲೆ, ಬೋರ್ಡ್ ಪಕ್ಕದಲ್ಲೇ ಅದೇ ದಿಕ್ಕಿಗೆ ಇಟ್ಟೆ. ಬೋರ್ಡ್ ಅಲುಗದ ಹಾಗೆ ಎರಡು ಕಡೆ ಪಟ್ಟಿ ಅಂಟಿಸಿದೆ. ಸಂಜೆ ಹೊತ್ತಿಗೆ ಬರುತ್ತಿದ್ದ ತಲೆ ಭಾರ ಆ ದಿನವೇ ಕಡಿಮೆ ಅನ್ನಿಸಿತು.

ಆಮೇಲೆ ಕಣ್ಣೋದು ಮೇಡಂ ಹೇಳಿದ ಒಟ್ಟು ಸೇರಿಸಿ ಪಕ್ಕಕ್ಕೆ ತಳ್ಳುವ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಬೋರ್ಡ್‌ನಲ್ಲಿ ಭಾಗಗಳ ದಿಕ್ಕು ಬದಲಾಯಿಸುವುದು ನನ್ನ ಕೈಯಲ್ಲಿಲ್ಲ. ಆದರೆ ಒಂದು ಸಲಕ್ಕೆ ಏನು ಕಾಣಬೇಕು ಅನ್ನುವುದು ನನ್ನ ಕೈಯಲ್ಲಿದೆ. ದಪ್ಪ ರಟ್ಟು ತೆಗೆದುಕೊಂಡು ಬೋರ್ಡ್ ಅಳತೆಗೆ ನಾಲ್ಕು ಮುಚ್ಚಳ ಕತ್ತರಿಸಿದೆ. ಮೊದಲನೆಯದರಲ್ಲಿ ಎಡಕ್ಕೆ ಮುಖ ಮಾಡಬೇಕಾದ ಡಬ್ಬಿಗಳ ಜಾಗದಲ್ಲಿ ಮಾತ್ರ ತೂತು. ಎರಡನೆಯದರಲ್ಲಿ ಬಲಕ್ಕೆ. ಹೀಗೆ ನಾಲ್ಕು. ಮುಚ್ಚಳ ಇಟ್ಟರೆ ಕಾಣುವ ಐದಾರು ಡಬ್ಬಿಗಳೂ ಒಂದೇ ಕಡೆ ಮುಖ ಮಾಡಿರಬೇಕು. ಅಲ್ಲಿಗೆ ಎರಡನೇ ಬೋರ್ಡ್ ನಾಲ್ಕು ಸಣ್ಣ ಮೊದಲ ಬೋರ್ಡ್ ಆಯಿತು. ನಕ್ಷೆ ನೋಡುವುದೇ ಬೇಡ.

ಎಕ್ಸ್‌ರೇ ಕುರ್ಚಿ ಮೇಡಂ ಮಾತು ಹಿಡಿದು ಪಕ್ಕದ ಮೇಜಿನ ಗೆಳೆಯನಿಗೆ ಹೇಳಿದೆ. ಅವನು ಹಳೇ ಬೋರ್ಡ್‌ಗಳಲ್ಲಿ ಬೇಕಂತಲೇ ಒಂದೊಂದು ಭಾಗ ಉಲ್ಟಾ ಹಾಕಿ, ನನಗೆ ಹೇಳದೆ ರಾಶಿಯಲ್ಲಿ ಸೇರಿಸುತ್ತಿದ್ದಾನೆ. ಡಬ್ಬಿ ಉಲ್ಟಾ ಇದ್ದ ಒಂದೂ ತಪ್ಪಲಿಲ್ಲ. ಮುಚ್ಚಳ ಇಟ್ಟ ಕೂಡಲೇ ಕಾಣುತ್ತದೆ, ಹುಡುಕಿದ ಹಾಗೇ ಅನ್ನಿಸುವುದಿಲ್ಲ.

ಆದರೆ ಒಂದು ತಪ್ಪಿತು. ಅದು ಡಬ್ಬಿ ಅಲ್ಲ, ಟ್ಯಾಂಟಲಮ್ ಕೆಪಾಸಿಟರ್. ಚೌಕಾಕಾರದ ಹಳದಿ ಭಾಗ, ಒಂದು ತುದಿಯಲ್ಲಿ ಪಟ್ಟಿ. ಅದರಲ್ಲಿ ಪಟ್ಟಿ ಇರುವ ಕಡೆ ಪ್ಲಸ್, ಡಬ್ಬಿಗೆ ಪೂರ್ತಿ ವಿರುದ್ಧ. ಅದಕ್ಕೂ ಅವೇ ಮುಚ್ಚಳಗಳಲ್ಲಿ ತೂತು ಮಾಡಿದ್ದೆ, ಆದರೆ ಕತ್ತರಿಸುವಾಗ ಮೈನಸ್ ಯಾವ ಕಡೆ ಅಂತ ನೋಡಿ ಗುಂಪು ಮಾಡಿದ್ದೆ. ಹಾಗಾಗಿ ಒಂದೇ ಮುಚ್ಚಳದಲ್ಲಿ ಡಬ್ಬಿಗಳ ಕಪ್ಪು ಎಡಕ್ಕೆ, ಟ್ಯಾಂಟಲಮ್ ಪಟ್ಟಿ ಬಲಕ್ಕೆ ಇರಬೇಕಿತ್ತು. ಅದು ಉಲ್ಟಾ ಕೂತಾಗ ಅದರ ಪಟ್ಟಿಯೂ ಎಡಕ್ಕೆ ಬಂತು. ಎಲ್ಲವೂ ಒಂದೇ ಕಡೆ ಕಂಡವು. ಕಣ್ಣು ಖುಷಿಯಿಂದ ಮುಂದೆ ಹೋಯಿತು.

ಮೊಳೆಮನೆ:
ತಪ್ಪಾಗಿ ಕೂತಿದ್ದಕ್ಕೇ ಗುಂಪಿಗೆ ಹೊಂದಿಕೊಂಡಿತು!

ಕಣ್ಣೋದು:
ಸರ್, ಮುಚ್ಚಳದ ಯೋಚನೆ ತುಂಬಾ ಚೆನ್ನಾಗಿದೆ. ಟ್ಯಾಂಟಲಮ್‌ಗಳಿಗೆ ಬೇರೆ ಮುಚ್ಚಳ ಮಾಡಿ. ಗುಂಪು ಮಾಡುವಾಗ ಪ್ಲಸ್ ಮೈನಸ್ ಮರೆತುಬಿಡಿ. ಕಣ್ಣಿಗೆ ಅದು ಗೊತ್ತಿಲ್ಲ, ಅದಕ್ಕೆ ಕಾಣುವುದು ಗುರುತು ಯಾವ ಪಕ್ಕ ಇದೆ ಅನ್ನುವುದು ಮಾತ್ರ.

ಸೋಲ್ಡರ್‌ಕೈ:
ಐದನೇ ಮುಚ್ಚಳ ಇವತ್ತು ಮಧ್ಯಾಹ್ನ ಕತ್ತರಿಸಿದೆ. ವಿನ್ಯಾಸ ಮಾಡಿದವರಿಗೂ ಮುಚ್ಚಳಗಳನ್ನು ಒಯ್ದು ತೋರಿಸಿದೆ. ಅವರು ಒಂದೊಂದಾಗಿ ಬೋರ್ಡ್ ಮೇಲೆ ಇಟ್ಟು ನೋಡಿದರು, ಆಮೇಲೆ ಮುಚ್ಚಳ ಇಲ್ಲದೆ ನೋಡಿದರು. ಮುಂದಿನ ಬೋರ್ಡ್‌ನಲ್ಲಿ 24ರಲ್ಲಿ 19ನ್ನು ಒಂದೇ ಕಡೆಗೆ ತಿರುಗಿಸಬಹುದು ಅಂದರು. ಉಳಿದ ಐದಕ್ಕೆ ಜಾಗ ಇಲ್ಲವಂತೆ, ಅವು ಅಡ್ಡವೇ ಇರಬೇಕು. ಐದೂ ಒಂದೇ ಕಡೆಗೆ ಅಡ್ಡ ಇರಲಿ ಅಂತ ಕೇಳಿದ್ದೇನೆ.